ಸಿಕ್ಸ್ ಬೈ ಸಿಕ್ಸ್, ಬೆಳಿಗ್ಗೆ ಹತ್ತು ಗಂಟೆಗೆ

ನಮ್ಮ ಮಲಗುವ ಕೋಣೆಯ ಕಪಾಟಿನ ಮೇಲಿನ ಖಾನೆಯಲ್ಲಿ ಎರಡು ಪುಟ್ಟ ಡಬ್ಬಿಗಳಿವೆ. ಒಂದು ನನ್ನದು, ಖಾಲಿ. ಇನ್ನೊಂದು ಮಗಳದು. ಅದು ರಾತ್ರಿ ಒಂಬತ್ತೂವರೆಗೆ ಖಾಲಿಯಾಗಿ ಬೆಳಿಗ್ಗೆ ಆರೂವರೆಗೆ ತುಂಬಿಕೊಳ್ಳುತ್ತದೆ. ಈ ಬಗೆಯ ಲೆನ್ಸನ್ನು ನಾನು ಹದಿನಾಲ್ಕು ತಿಂಗಳು ಹಾಕಿ ಬಿಟ್ಟವಳು. ನಾನು ಬಿಟ್ಟದ್ದನ್ನು ಹತ್ತು ವರ್ಷದ ಮಗಳ ಕಣ್ಣಿಗೆ ಹಾಕಿಸಿದ್ದೇನೆ. ಇದು ಯಾವ ನ್ಯಾಯ ಎಂದು ಧಾರವಾಡದಲ್ಲಿರುವ ನನ್ನ ಅವ್ವ ಫೋನಿನಲ್ಲಿ ಕೇಳುತ್ತಲೇ ಇರುತ್ತಾಳೆ. “ಕಣ್ಣಾಗ ಗಾಜ ಇಟಗೊಂಡು ರಾತ್ರಿಪೂರಾ ಮಲಗೋದಂದ್ರ ಏನವಾ? ನಮ್ಮ ಕಾಲದಾಗ ಕಣ್ಣಾಗ ಕಸ ಬಿದ್ರ ನಿದ್ದಿ ಹತ್ತತಿದ್ದಿಲ್ಲ.” ಅವಳಿಗೆ ತುಂಡು ತುಂಡಾಗಿ ಹೇಳಿದ ಉತ್ತರವನ್ನೇ ಇಲ್ಲಿ ಒಂದೆಡೆ ಕೂಡಿಸಿ ಬರೆಯುತ್ತಿದ್ದೇನೆ.

ಈ ಲೆನ್ಸಿಗೆ ಆರ್ಥೋಕೆರಟಾಲಜಿ ಎಂಬ ಉದ್ದ ಹೆಸರಿದೆ. ಕ್ಲಿನಿಕ್ಕುಗಳಲ್ಲಿ ಆರ್ಥೋ-ಕೆ ಎನ್ನುತ್ತಾರೆ. ಗಾಳಿಯಾಡುವ ಗಟ್ಟಿ ವಸ್ತುವಿನ ಲೆನ್ಸು ಇದು, ಹಗಲಲ್ಲ, ರಾತ್ರಿ ನಿದ್ದೆಯಲ್ಲಿ ಧರಿಸುವಂಥದ್ದು. ಲೆನ್ಸಿನ ಒಳಮೈಯ ನಡುಭಾಗ ಕಣ್ಣಿಗಿಂತ ಚಪ್ಪಟೆಯಾಗಿ, ಅದರ ಸುತ್ತಲಿನ ಉಂಗುರ ಕಡಿದಾಗಿ ಇರುತ್ತದೆ. ನಡುವೆ ಇರುವ ಕಣ್ಣೀರಿನ ತೆಳು ಪದರದ ಒತ್ತಡದಿಂದ ಕಾರ್ನಿಯಾದ ಹೊರಚರ್ಮ ಮಧ್ಯದಲ್ಲಿ ತೆಳ್ಳಗಾಗಿ, ಸುತ್ತಲೂ ದಪ್ಪಗಾಗುತ್ತದೆ. ಬೆಳಿಗ್ಗೆ ಲೆನ್ಸು ತೆಗೆದರೆ ಕಣ್ಣು ಕೆಲವು ಗಂಟೆಗಳ ಮಟ್ಟಿಗೆ ಹೊಸ ಆಕಾರದಲ್ಲಿ ಇರುತ್ತದೆ, ಚಷ್ಮಾ ಇಲ್ಲದೆ ದೂರದ ಬೋರ್ಡು ಓದಬಹುದು. ಲೆನ್ಸು ಹಾಕುವುದನ್ನು ನಿಲ್ಲಿಸಿದರೆ ಕೆಲವು ದಿನ, ಕೆಲವು ವಾರಗಳಲ್ಲಿ ಕಣ್ಣು ತನ್ನ ಹಳೆಯ ಆಕಾರಕ್ಕೆ ಮರಳುತ್ತದೆ. ರೊಟ್ಟಿ ಹಿಟ್ಟನ್ನು ಅಂಗೈಯಲ್ಲಿ ಒತ್ತಿದ ಹಾಗೆ ಎಂದು ಅವ್ವನಿಗೆ ಹೇಳಿದೆ. ಹಿಟ್ಟು ಮತ್ತೆ ಉಂಡೆಯಾಗುವುದಿಲ್ಲವಲ್ಲ ಎಂದಳು. ಅವಳ ಜೊತೆ ಹೋಲಿಕೆಗಳಲ್ಲಿ ಗೆಲ್ಲುವುದು ಕಷ್ಟ.

ಇದರ ಇತಿಹಾಸ ದೊಡ್ಡದು, ಸಂಕ್ಷೇಪಿಸುತ್ತೇನೆ. 1962ರಲ್ಲಿ ಅಮೆರಿಕದ ಜಾರ್ಜ್ ಜೆಸ್ಸೆನ್ ಎಂಬುವರು ಬೇಕೆಂದೇ ಚಪ್ಪಟೆಯಾದ ಲೆನ್ಸು ಹಾಕಿಸಿ ಸಮೀಪದೃಷ್ಟಿ ತಗ್ಗಿಸಬಹುದು ಎಂದರು. ಎಪ್ಪತ್ತು ಎಂಬತ್ತರ ದಶಕಗಳ ಪರೀಕ್ಷೆಗಳಲ್ಲಿ ಸುಮಾರು ಒಂದು ನಂಬರಿನಷ್ಟು ಇಳಿಕೆ ಸಿಕ್ಕಿತು, ಅದೂ ಯಾರಿಗೆ ಎಷ್ಟು ಎಂದು ಮೊದಲೇ ಹೇಳಲಾಗದ ರೀತಿಯಲ್ಲಿ. ಒಳಮೈಯನ್ನು ತಿರುವುಮುರುವು ಮಾಡಿದ ವಿನ್ಯಾಸ 1989ರ ಸುಮಾರಿಗೆ ಬಂದ ಮೇಲೆಯೇ ಇದಕ್ಕೆ ಜೀವ ಬಂದದ್ದು. 2002ರ ಜೂನ್‌ನಲ್ಲಿ ಅಮೆರಿಕದ ಎಫ್‌ಡಿಎ ರಾತ್ರಿ ಧರಿಸುವ ಲೆನ್ಸಿಗೆ ಒಪ್ಪಿಗೆ ಕೊಟ್ಟಿತು.

ನಾನು ಯಾಕೆ ಹಾಕಿದೆ ಎನ್ನುವುದಕ್ಕೆ ಪುಣೆಯಲ್ಲಿ ಸ್ಕೂಟರ್ ಓಡಿಸುವ ಯಾವ ಹೆಂಗಸೂ ವಿವರಣೆ ಕೇಳಲಾರಳು. ಇಲ್ಲಿ ನಾವು ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡು ಕಣ್ಣು ಮಾತ್ರ ಬಿಟ್ಟು ಓಡಾಡುವವರು. ಅದರ ಮೇಲೆ ಹೆಲ್ಮೆಟ್. (ಪುಣೆಯವರಿಗೂ ಹೆಲ್ಮೆಟ್ಟಿಗೂ ಇರುವ ಹಳೆಯ ಜಗಳ ಬೇರೆಯೇ ಕಥೆ.) ಸ್ಕಾರ್ಫಿನೊಳಗಿನ ಉಸಿರು ಮೇಲೇರಿ ಚಷ್ಮಾದ ಗಾಜಿಗೆ ಹಬೆಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಹೊರಗೂ ನೀರು ಒಳಗೂ ನೀರು. ಸಿಗ್ನಲ್ಲಿನಲ್ಲಿ ನಿಂತು ಬೆರಳಿನಿಂದ ಗಾಜು ಒರೆಸಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಹಾರ್ನು. ನನ್ನ ನಂಬರು ಬಲಗಣ್ಣಿಗೆ ಮೈನಸ್ 4.25, ಎಡಗಣ್ಣಿಗೆ ಮೈನಸ್ 4.5. ಐದನೇ ಇಯತ್ತೆಯಿಂದಲೂ ಮೂಗಿನ ಮೇಲೆ ಚಾಳೀಸು. ನಮ್ಮ ಕಡೆ ಚಷ್ಮಾಕ್ಕೆ ಚಾಳೀಸು ಎನ್ನುತ್ತಾರಲ್ಲ, ನಲವತ್ತಕ್ಕೆ ಬರುವುದು ಎಂಬ ಅರ್ಥದಲ್ಲಿ. ಹತ್ತು ವರ್ಷಕ್ಕೇ ನಲವತ್ತರ ವಸ್ತುವನ್ನು ಹೊತ್ತವಳು ನಾನು. ಈಗ ನನ್ನ ಮಗಳ ತರಗತಿಯಲ್ಲಿ ಎಷ್ಟೋ ಮಕ್ಕಳಿಗೆ ಅದಿದೆ. ಆ ಪದ ತನ್ನ ಲೆಕ್ಕವನ್ನೇ ಕಳೆದುಕೊಂಡಿದೆ.

ಮೊದಲ ತಿಂಗಳುಗಳು ಹಬ್ಬದ ಹಾಗಿದ್ದವು, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಎದ್ದು ಲೆನ್ಸು ತೆಗೆದು ಗ್ಯಾಲರಿಗೆ ಬಂದರೆ ಎದುರಿನ ಟೇಕಡಿಯ ಮೇಲಿನ ಗಿಡಗಳ ಎಲೆ ಎಲೆಯೂ ಕಾಣುತ್ತಿತ್ತು. ಮೂವತ್ತು ವರ್ಷ ದಿಂಬಿನ ಪಕ್ಕ ಕೈಯಾಡಿಸಿ ಚಷ್ಮಾ ಹುಡುಕಿದವಳಿಗೆ ಅದು ಸಣ್ಣ ಸಂಗತಿಯಲ್ಲ. ಆರು ವಾರಕ್ಕೆ ತಪಾಸಣೆಗೆ ಹೋದೆ, ಬೆಳಿಗ್ಗೆ ಹತ್ತು ಗಂಟೆಯ ಅಪಾಯಿಂಟ್‌ಮೆಂಟು. ಫಲಕದ ಸಾಲುಗಳನ್ನು ಗಡಗಡ ಓದಿದೆ. ಫೈಲಿನಲ್ಲಿ 6/6 ಎಂದು ಬರೆದು ಅದರ ಸುತ್ತ ಒಂದು ವೃತ್ತ ಎಳೆದರು. ಆಮೇಲೆ ಆ ವೃತ್ತದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ.

ಜುಲೈ ತಿಂಗಳು. ಹಿಂಜವಡಿಯ ಆಫೀಸಿನಿಂದ ಹೊರಟಾಗ ರಾತ್ರಿ ಎಂಟೂಮುಕ್ಕಾಲು. ವಾಕಡ್ ದಾಟಿ ಬೆಂಗಳೂರು ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಬರುತ್ತಿದ್ದೆ. ಮಳೆ ನಿಂತು ರಸ್ತೆ ಕನ್ನಡಿಯಾಗಿತ್ತು. ಪ್ರತಿ ಹೆಡ್‌ಲೈಟಿನ ಸುತ್ತಲೂ ಹಬ್ಬದ ಚಂದ್ರನಿಗಿರುವಂಥ ಒಂದು ಬಳೆ. ಅಭ್ಯಾಸವಾಗಿತ್ತು, ಅಷ್ಟು ಹೊತ್ತಿಗೆ. ರಾಂಗ್ ಸೈಡಿನಲ್ಲಿ ಎದುರು ಬಂದ ಒಂದು ಕಾರಿನ ಬಿಳಿ ಎಲ್‌ಇಡಿ ದೀಪ ಕಣ್ಣಿಗೆ ಹೊಡೆಯಿತು. ಅದರ ಬಳೆ ಹರಡಿ ರಸ್ತೆಯ ಅರ್ಧಭಾಗವನ್ನೇ ನುಂಗಿತು. ಆ ಬೆಳಕಿನ ಹಿಂದೆ, ಎಡಕ್ಕೆ, ಹಿಂದೀಪವಿಲ್ಲದೆ ನಿಂತಿದ್ದ ಒಂದು ಟ್ರಾಲಿ ಇತ್ತು. ಬೂದು ಬಣ್ಣದ ರಸ್ತೆಯ ಮೇಲೆ ಬೂದು ಬಣ್ಣದ ಟ್ರಾಲಿ. ನನಗೆ ಅದು ಕಂಡದ್ದು ಬ್ರೇಕು ಒತ್ತಿ ಸ್ಕೂಟರು ಜಾರಿ ನಿಂತ ಮೇಲೆ, ಎರಡು ಕೈ ದೂರದಲ್ಲಿ. ಮೊಣಕಾಲು ತರಚಿತು, ಅಷ್ಟೇ. ಪಕ್ಕದಲ್ಲಿ ಬಂದು ನಿಂತ ಹುಡುಗ “ತಾಯೀ, ದಿಸಲಂ ನಾಹೀ ಕಾ?” ಎಂದು ಕೇಳಿದ. ಕಾಣಲಿಲ್ಲವೇ? ಅವನಿಗೆ ಕಂಡಿತ್ತು.

ಕ್ಲಿನಿಕ್ಕಿಗೆ ಹೋಗಿ ಹೇಳಿದೆ. ಹೆಸರು ಬೇಡ, ಅವರು ಕೆಟ್ಟವರೇನಲ್ಲ. ಮತ್ತೆ ಬೆಳಗಿನ ಹೊತ್ತು, ಮತ್ತೆ ಅದೇ ಫಲಕ, ಮತ್ತೆ 6/6. “ನಂಬರು ಸೊನ್ನೆ ಇದೆ ಮ್ಯಾಡಂ, ಇನ್ನೇನು ಬೇಕು? ರಾತ್ರಿ ಎಲ್ಲರಿಗೂ ಹಾಗೇ” ಎಂದರು. ನಾನು ಸುಳ್ಳು ಹೇಳುತ್ತಿರಲಿಲ್ಲ. ಫಲಕವೂ ಸುಳ್ಳು ಹೇಳುತ್ತಿರಲಿಲ್ಲ.

ಆ ಫಲಕವನ್ನು 1862ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್‌ನ ವೈದ್ಯ ಹರ್ಮನ್ ಸ್ನೆಲೆನ್ ರೂಪಿಸಿದರು. ಅಚ್ಚ ಬಿಳಿಯ ಮೇಲೆ ಅಚ್ಚ ಕಪ್ಪು ಅಕ್ಷರ, ಚೆನ್ನಾದ ಬೆಳಕು. ಅದು ಕೇಳುವ ಪ್ರಶ್ನೆ ಒಂದೇ: ಎಷ್ಟು ಸಣ್ಣದನ್ನು ನೀನು ಗುರುತಿಸಬಲ್ಲೆ? ಎಷ್ಟು ಮಸುಕಾದದ್ದನ್ನು ಗುರುತಿಸಬಲ್ಲೆ ಎಂದು ಅದು ಕೇಳುವುದಿಲ್ಲ. ರಸ್ತೆಯಲ್ಲಿ ನಮ್ಮನ್ನು ಕೊಲ್ಲುವಂಥವು ಸಣ್ಣ ಅಕ್ಷರಗಳಲ್ಲ. ಕತ್ತಲಲ್ಲಿ ಕಪ್ಪು ಎಮ್ಮೆ, ಬೂದು ಟ್ರಾಲಿ, ಕರಿ ಕೊಡೆ ಹಿಡಿದು ರಸ್ತೆ ದಾಟುವ ಮುದುಕ. ಇವೆಲ್ಲ ದೊಡ್ಡವು, ಆದರೆ ಹಿನ್ನೆಲೆಯಲ್ಲಿ ಕರಗಿ ಹೋಗುವಂಥವು. ಇದನ್ನು ಅಳೆಯುವ ಫಲಕವೂ ಇದೆ. 1988ರಲ್ಲಿ ಬಂದ ಪೆಲ್ಲಿ-ರಾಬ್ಸನ್ ಫಲಕದಲ್ಲಿ ಅಕ್ಷರಗಳೆಲ್ಲ ಒಂದೇ ಗಾತ್ರ, ಮೂರು ಮೂರರ ಗುಂಪಿನಲ್ಲಿ ಕೆಳಗಿಳಿದಂತೆ ಬಣ್ಣ ಮಾತ್ರ ಮಾಸುತ್ತ ಹೋಗುತ್ತದೆ. ನಾನು ಲೆನ್ಸು ಹಾಕಿದ ಹದಿನಾಲ್ಕು ತಿಂಗಳಲ್ಲಿ ಯಾರೂ ಅದನ್ನು ನನ್ನ ಮುಂದೆ ಹಿಡಿಯಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಇದು ಕಷ್ಟದ ಲೆಕ್ಕವೇನಲ್ಲ, ಮತ್ತು ಈ ಲೆನ್ಸು ಹಾಕಿಸಿಕೊಳ್ಳುವ ಪ್ರತಿಯೊಬ್ಬರಿಗೂ ಕ್ಲಿನಿಕ್ಕಿನಲ್ಲೇ ಒಂದು ಹಾಳೆಯ ಮೇಲೆ ಬರೆದು ತೋರಿಸಬಹುದಾದದ್ದು. ಲೇಸರ್ ಶಸ್ತ್ರಚಿಕಿತ್ಸೆಗಾಗಿ ಮನರ್ಲಿನ್ ಮತ್ತು ಸಂಗಡಿಗರು 1988ರಲ್ಲಿ ಒಂದು ಸೂತ್ರ ಕೊಟ್ಟರು. ಎಷ್ಟು ನಂಬರು ಇಳಿಸಬೇಕೋ ಅದನ್ನು, ಸರಿಪಡಿಸುವ ವೃತ್ತದ ಅಡ್ಡಳತೆಯ ವರ್ಗದಿಂದ ಗುಣಿಸಿ ಮೂರರಿಂದ ಭಾಗಿಸಿದರೆ, ಮಧ್ಯದಲ್ಲಿ ಎಷ್ಟು ಮೈಕ್ರಾನ್ ತೆಳ್ಳಗಾಗಬೇಕು ಎಂಬುದು ಸಿಗುತ್ತದೆ. ಮೈನಸ್ 3 ಇರುವವರಿಗೆ 4 ಮಿಲಿಮೀಟರ್ ಅಗಲದ ವೃತ್ತ ಬೇಕಾದರೆ 16 ಮೈಕ್ರಾನ್. 6 ಮಿಲಿಮೀಟರ್ ಬೇಕಾದರೆ 36 ಮೈಕ್ರಾನ್. ಲೇಸರ್ ಕಾರ್ನಿಯಾದ ಒಳಪದರವನ್ನೇ ಕೆತ್ತುವುದರಿಂದ ಅಷ್ಟು ಆಳಕ್ಕೆ ಹೋಗಬಲ್ಲದು. ನಮ್ಮ ರಾತ್ರಿ ಲೆನ್ಸು ಆಡುವುದು ಮುಖ್ಯವಾಗಿ ಹೊರಚರ್ಮದ ಜೊತೆ. ಅದರ ದಪ್ಪವೇ ಸುಮಾರು 50 ಮೈಕ್ರಾನ್. ಅದರಲ್ಲಿ ಹತ್ತು ಇಪ್ಪತ್ತು ಮೈಕ್ರಾನ್ ತಗ್ಗಿದರೆ ಹೆಚ್ಚು. ಹೀಗಾಗಿ ನಂಬರು ಏರಿದಂತೆ ಸರಿಪಡಿಸಿದ ವೃತ್ತ ಕಿರಿದಾಗಲೇಬೇಕು, ಬೇರೆ ದಾರಿಯಿಲ್ಲ. ನನ್ನ 4.5 ನಂಬರಿಗೆ 18 ಮೈಕ್ರಾನ್ ಎಂದು ಹಿಡಿದರೆ ವೃತ್ತದ ಅಗಲ ಸುಮಾರು ಮೂರೂವರೆ ಮಿಲಿಮೀಟರ್.

ಹಗಲು ಬೆಳಕಿನಲ್ಲಿ ಕಣ್ಣಿನ ಪಾಪೆ ಮೂರು ಮಿಲಿಮೀಟರಿನ ಆಸುಪಾಸು. ಮೂರೂವರೆಯ ಕಿಟಕಿ ಸಾಕು. ಕತ್ತಲಲ್ಲಿ ಪಾಪೆ ಹಿಗ್ಗುತ್ತದೆ. ನನ್ನದನ್ನು ಆಮೇಲೆ ಬೇರೆಡೆ ಅಳೆಸಿದಾಗ ಮಬ್ಬು ಬೆಳಕಿನಲ್ಲಿ 6.5 ಮಿಲಿಮೀಟರ್ ಬಂತು. ವೃತ್ತಗಳ ವಿಸ್ತೀರ್ಣ ತಾಳೆ ನೋಡಿದರೆ ಕತ್ತಲಲ್ಲಿ ನನ್ನ ಕಣ್ಣಿನೊಳಗೆ ಬರುವ ಬೆಳಕಿನಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ ಮಾತ್ರ ಸರಿಪಡಿಸಿದ ಭಾಗದಿಂದ ಬರುತ್ತದೆ. ಉಳಿದದ್ದು ದಪ್ಪಗಾದ ಉಂಗುರವನ್ನು ಹಾದು ಬಂದು, ಅಕ್ಷಿಪಟಲಕ್ಕೆ ಮುಂಚೆಯೇ ಒಂದುಗೂಡಿ, ಅಲ್ಲಿಂದ ಹರಡಿಕೊಳ್ಳುತ್ತದೆ. ಅದೇ ಆ ಬಳೆ. ಇದು ಒರಟು ಲೆಕ್ಕ, ನಿಜ. ವೃತ್ತದ ಅಂಚು ಚಾಕುವಿನಿಂದ ಕೊಯ್ದ ಹಾಗಿರುವುದಿಲ್ಲ, ಪಾಪೆಯ ಅಂಚಿನಿಂದ ಬಂದ ಬೆಳಕಿಗೆ ಕಣ್ಣು ಕೊಡುವ ಬೆಲೆಯೂ ತುಸು ಕಡಿಮೆ. ಆದರೂ ನನಗೆ ಆ ರಾತ್ರಿ ಆದದ್ದನ್ನು ಅರ್ಥಮಾಡಿಸಲು ಇಷ್ಟು ಸಾಕಾಯಿತು.

ಇದರ ಜೊತೆಗೆ ಸಮಯದ ಮಾತು. ಬೆಳಿಗ್ಗೆ ಒತ್ತಿದ ಆಕಾರ ದಿನವಿಡೀ ನಿಧಾನಕ್ಕೆ ಸಡಿಲವಾಗುತ್ತದೆ. ಸಂಜೆಗೆ ಕಾಲು, ಅರ್ಧ ನಂಬರು ಮರಳುವುದು ಸಾಮಾನ್ಯ. ಲೆನ್ಸು ತೆಗೆದು ಹದಿನಾಲ್ಕು ಗಂಟೆಯಾದ ಹೊತ್ತಿಗೆ ಅಂದರೆ ರಾತ್ರಿ ಒಂಬತ್ತಕ್ಕೆ, ಅದರ ಬಲ ಅತಿ ಕಡಿಮೆ. ಪಾಪೆ ಅತಿ ದೊಡ್ಡದಾಗುವುದೂ ಅದೇ ಹೊತ್ತಿಗೆ. ರಸ್ತೆ ಅತಿ ಅಪಾಯಕಾರಿಯಾಗುವುದೂ ಆಗಲೇ. ಕ್ಲಿನಿಕ್ಕು ನಮ್ಮ ಕಣ್ಣು ಅಳೆಯುವುದು ಮಾತ್ರ ಬೆಳಿಗ್ಗೆ ಹತ್ತಕ್ಕೆ. ಹೊಟ್ಟೆ ತುಂಬ ಊಟ ಮಾಡಿಸಿ ಹಸಿವೆ ಇದೆಯೇ ಎಂದು ಕೇಳಿದಂತೆ.

ಲೆನ್ಸು ನಿದ್ದೆಯಲ್ಲಿ ತುಸು ಪಕ್ಕಕ್ಕೆ ಸರಿದು ಕೂತರೆ ಇನ್ನೊಂದು ತೊಂದರೆ. ಆಗ ದೀಪಕ್ಕೆ ಬಳೆಯ ಬದಲು ಒಂದು ಬಾಲ ಬರುತ್ತದೆ, ಧೂಮಕೇತುವಿಗೆ ಇರುವ ಹಾಗೆ. ಕೋಮಾ ಎನ್ನುತ್ತಾರೆ ಅದಕ್ಕೆ. ಈ ಬಗೆಯ ದೋಷಗಳನ್ನು ಮೇಲೊಂದು ಚಷ್ಮಾ ಹಾಕಿಕೊಂಡು ಅಳಿಸಲಾಗುವುದಿಲ್ಲ. ಚಷ್ಮಾ ಸರಿಪಡಿಸುವುದು ನಂಬರನ್ನು. ಇವು ನಂಬರಿನಲ್ಲಿ ಹಿಡಿಸದ ದೋಷಗಳು.

ಇದ್ಯಾವುದೂ ನನ್ನ ಶೋಧವಲ್ಲ. 2005ರಲ್ಲೇ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಬರ್ನ್‌ಟ್ಸೆನ್, ಬಾರ್ ಮತ್ತು ಮಿಚೆಲ್ ಇದನ್ನು ಅಳೆದು ಪ್ರಕಟಿಸಿದರು. ರಾತ್ರಿ ಲೆನ್ಸಿನ ನಂತರ ಈ ದೋಷಗಳು ಹೆಚ್ಚಿದ್ದವು. ಕಪ್ಪು ಅಕ್ಷರದ ಫಲಕದಲ್ಲಿ ದೃಷ್ಟಿ ಕುಂದಿರಲಿಲ್ಲ, ಮಸುಕು ಅಕ್ಷರದ ಫಲಕದಲ್ಲಿ ಕುಂದಿತ್ತು. ಜಪಾನಿನ ಟ್ಸುಕುಬಾ ವಿಶ್ವವಿದ್ಯಾಲಯದ ಹಿರಾವೋಕಾ ಮತ್ತು ಸಂಗಡಿಗರು ಅದೇ ದಿಕ್ಕಿನಲ್ಲಿ ಹಲವು ವರ್ಷ ಕೆಲಸ ಮಾಡಿದರು. ಎಷ್ಟು ಹೆಚ್ಚು ನಂಬರು ಇಳಿಸುತ್ತೇವೋ ಅಷ್ಟು ಹೆಚ್ಚು ದೋಷ, ಅಷ್ಟು ಕಡಿಮೆ ಕಾಂಟ್ರಾಸ್ಟ್ ಎಂಬುದು ಅವರ ಲೆಕ್ಕಗಳ ಸಾರ. ಇಷ್ಟು ವರ್ಷಗಳ ಹಿಂದೆಯೇ ಅಚ್ಚಾದ ಸಂಗತಿ ಪುಣೆಯ ಒಂದು ಕ್ಲಿನಿಕ್ಕಿನ ಮೇಜಿನವರೆಗೆ ಬಂದಿರಲಿಲ್ಲ, ಅಥವಾ ಬಂದಿದ್ದರೂ ಹತ್ತಾರು ಸಾವಿರ ರೂಪಾಯಿ ಕೊಟ್ಟ ನನ್ನವರೆಗೆ ಬರಲಿಲ್ಲ.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ಎಲ್ಲರಿಗೂ ಹೀಗಾಗುವುದಿಲ್ಲ. ಮೈನಸ್ 2ರ ಆಚೀಚೆ ಇರುವವರಿಗೆ ವೃತ್ತ ದೊಡ್ಡದಾಗಿಯೇ ಉಳಿಯಬಹುದು. ವಯಸ್ಸಾದಂತೆ ಪಾಪೆ ಚಿಕ್ಕದಾಗುವುದರಿಂದ ಐವತ್ತರವರಿಗೆ ಬಳೆಗಳ ಕಾಟ ಕಡಿಮೆ. ಕೆಲವರ ಮೆದುಳು ಬಳೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹೊಂದಿಕೊಳ್ಳುತ್ತದೆ. ನನ್ನ ಸಹೋದ್ಯೋಗಿಯೊಬ್ಬಳು ಇದನ್ನೇ ಹಾಕಿಕೊಂಡು ಖುಷಿಯಾಗಿದ್ದಾಳೆ. ಅವಳು ಓಡಾಡುವುದು ಕಂಪನಿಯ ಬಸ್ಸಿನಲ್ಲಿ. ನಾನು ಚಷ್ಮಾಕ್ಕೆ ಮರಳಿದೆ, ಮೂರನೆಯ ವಾರಕ್ಕೆ ಹಳೆಯ ನಂಬರೇ ಸರಿಹೋಯಿತು. ಸ್ಕಾರ್ಫು, ಹಬೆ, ಒರೆಸುವುದು ಎಲ್ಲ ಮತ್ತೆ ಶುರುವಾಯಿತು. ಆದರೆ ರಾತ್ರಿಯ ದೀಪ ದೀಪದಷ್ಟೇ ಆಯಿತು.

ಈ ಊರಿನಲ್ಲಿ ಈ ಲೆನ್ಸಿಗೆ ಇನ್ನೊಂದು ಗಿರಾಕಿ ವರ್ಗ ಇದೆ. 1955ರ ಜನವರಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ, ಖಡಕವಾಸ್ಲಾದಲ್ಲಿ. ಎನ್‌ಡಿಎ ಸೇರಬೇಕೆನ್ನುವ ಹುಡುಗ ಹುಡುಗಿಯರು, ಅವರಿಗಾಗಿ ಕೋಚಿಂಗ್ ನಡೆಸುವವರು ಪುಣೆಯ ತುಂಬ ಇದ್ದಾರೆ. ಅಲ್ಲಿನ ವೈದ್ಯಕೀಯ ತಪಾಸಣೆಯಲ್ಲಿ ಬರಿಗಣ್ಣಿನ ದೃಷ್ಟಿಗೆ ಮಿತಿಗಳಿವೆ. ಆ ವಯಸ್ಸಿಗೆ ಲೇಸರ್ ದಾರಿಯೂ ಇಲ್ಲ. ಹೀಗಾಗಿ ತಪಾಸಣೆಗೆ ಮುಂಚಿನ ಕೆಲವು ವಾರ ರಾತ್ರಿ ಲೆನ್ಸು ಹಾಕಿಕೊಂಡು ಹೋಗಿ ಫಲಕ ಓದಿ ಬಂದರೆ ಆಯಿತು ಎಂಬ ಸಲಹೆ ಓಡಾಡುತ್ತಿರುತ್ತದೆ. ನಮ್ಮ ಸೊಸೈಟಿಯ ಒಬ್ಬ ತಂದೆ ನನ್ನನ್ನೇ ಕೇಳಿದರು, ಎಲ್ಲಿ ಮಾಡಿಸಿದಿರಿ, ಎಷ್ಟಾಯಿತು, ಎಷ್ಟು ದಿನ ಸಾಕು ಎಂದು. ಕಾರ್ನಿಯಾದ ನಕ್ಷೆ ತೆಗೆಯುವ ಟೊಪೋಗ್ರಫಿ ಯಂತ್ರದ ಮುಂದೆ ಕೂರಿಸಿದರೆ ಒತ್ತಿದ ವೃತ್ತ ಗೋಲಿಯ ಹಾಗೆ ಎದ್ದು ಕಾಣುತ್ತದೆ ಎಂದೆ. ಅವರಿಗೆ ಅದು ಕೇಳಬೇಕಾದ ಉತ್ತರವಾಗಿರಲಿಲ್ಲ. ನನ್ನನ್ನು ಕಾಡಿದ್ದು ಸಿಕ್ಕಿಬೀಳುವ ಮಾತಲ್ಲ. ಫಲಕವನ್ನು ದಾಟುವುದೇ ಗುರಿ ಎಂದು ಹದಿನೇಳರ ಹುಡುಗನಿಗೆ ನಾವೇ ಕಲಿಸಿದ್ದೇವೆ. ಅವನು ದಾಟಿದ ಮೇಲೆ ಮಾಡಬೇಕಾದ ಕೆಲಸ ಇರುವುದು ಕತ್ತಲಲ್ಲಿ, ಕಾಡಿನಲ್ಲಿ, ಹಡಗಿನ ಮೇಲೆ. ಎಲ್ಲೂ ರಾತ್ರಿ ಎಂಟು ಗಂಟೆ ಮಲಗಲು ಬಿಡದ, ಲೆನ್ಸು ತೊಳೆಯಲು ಶುದ್ಧ ದ್ರಾವಣ ಸಿಗದ ಜಾಗಗಳಲ್ಲಿ.

ಇಷ್ಟೆಲ್ಲ ಹೇಳಿದವಳು ಮಗಳಿಗೆ ಯಾಕೆ ಹಾಕಿಸಿದೆ?

ಅವಳಿಗೆ ಎಂಟು ವರ್ಷಕ್ಕೆ ಮೈನಸ್ ಮುಕ್ಕಾಲು ಇತ್ತು. ಒಂಬತ್ತಕ್ಕೆ ಒಂದೂಕಾಲು. ಹತ್ತಕ್ಕೆ ಎರಡು. ನಂಬರು ಏರುವುದೆಂದರೆ ಕಣ್ಣುಗುಡ್ಡೆ ಉದ್ದವಾಗುವುದು. ಉದ್ದವಾದ ಕಣ್ಣಿನೊಳಗೆ ಅಕ್ಷಿಪಟಲ ಎಳೆದು ಕಟ್ಟಿದ ಬಟ್ಟೆಯಂತೆ ತೆಳ್ಳಗಾಗುತ್ತದೆ, ಮುಂದೆ ಐವತ್ತು ಅರವತ್ತರ ವಯಸ್ಸಿನಲ್ಲಿ ಹರಿಯಬಹುದು, ನಡುಭಾಗ ಸವೆಯಬಹುದು. ಆಗ ಯಾವ ಚಷ್ಮಾವೂ ಕೆಲಸಕ್ಕೆ ಬಾರದು. ಬುಲಿಮೋರ್ ಮತ್ತು ಬ್ರೆನನ್ 2019ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಏರುವ ನಂಬರನ್ನು ಒಂದರಷ್ಟು ತಡೆದರೂ ಸಮೀಪದೃಷ್ಟಿಯಿಂದ ಅಕ್ಷಿಪಟಲದ ನಡುಭಾಗ ಹಾಳಾಗುವ ಸಂಭವ ಸುಮಾರು ಶೇ. 40ರಷ್ಟು ತಗ್ಗುತ್ತದೆ.

ಅದನ್ನು ತಡೆಯುವ ಸಾಧನಗಳಲ್ಲಿ ಈ ಲೆನ್ಸೂ ಒಂದು. ಹಾಂಗ್‌ಕಾಂಗ್‌ನಲ್ಲಿ ಪಾಲಿನ್ ಚೋ ಮತ್ತು ಸಿನ್ ವಾನ್ ಚೆಯುಂಗ್ 6ರಿಂದ 10 ವರ್ಷದ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಎರಡು ವರ್ಷ ನೋಡಿದರು. 2012ರಲ್ಲಿ ಪ್ರಕಟವಾದ ಅಂಕಿಗಳು: ಚಷ್ಮಾದ ಮಕ್ಕಳ ಕಣ್ಣು 0.63 ಮಿಲಿಮೀಟರ್ ಉದ್ದವಾಯಿತು, ರಾತ್ರಿ ಲೆನ್ಸಿನ ಮಕ್ಕಳದು 0.36.

ಯಾಕೆ ಹೀಗೆ ಎನ್ನುವಲ್ಲಿ ಈ ಕಥೆಯ ತಿರುವು ಇದೆ. ಹೆಚ್ಚಿನವರು ಒಪ್ಪುವ ವಿವರಣೆಯ ಪ್ರಕಾರ, ನನ್ನನ್ನು ಆ ರಾತ್ರಿ ಟ್ರಾಲಿಯ ಹತ್ತಿರ ತಂದು ನಿಲ್ಲಿಸಿದ ಆ ದಪ್ಪ ಉಂಗುರವೇ ಮಗುವಿನ ಕಣ್ಣನ್ನು ಕಾಯುತ್ತದೆ. ಅಂಚಿನಿಂದ ಬಂದ ಬೆಳಕು ಅಕ್ಷಿಪಟಲದ ಮುಂಚೆಯೇ ಕೂಡಿಕೊಂಡಾಗ ಕಣ್ಣಿಗೆ “ಇನ್ನು ಬೆಳೆಯಬೇಡ” ಎಂಬ ಸೂಚನೆ ಸಿಗುತ್ತದೆ. ಅಂದರೆ ದೃಷ್ಟಿಯ ಗುಣಕ್ಕೆ ಯಾವುದು ದೋಷವೋ ಬೆಳೆಯುವ ಕಣ್ಣಿಗೆ ಅದೇ ಮದ್ದು. ಅದೇ ಹಿರಾವೋಕಾ ತಂಡ 2015ರಲ್ಲಿ ತೋರಿಸಿದ್ದು, ಲೆನ್ಸಿನ ನಂತರ ಕೋಮಾದಂಥ ದೋಷ ಹೆಚ್ಚಾದ ಮಕ್ಕಳಲ್ಲಿ ಕಣ್ಣು ಕಡಿಮೆ ಉದ್ದವಾಯಿತು ಎಂದು. ಹಾಂಗ್‌ಕಾಂಗ್‌ನವರು ಲೆನ್ಸಿನ ನಡುವಿನ ವೃತ್ತವನ್ನು 6ರಿಂದ 5 ಮಿಲಿಮೀಟರಿಗೆ ಇಳಿಸಿ ನೋಡಿದಾಗ ತಡೆ ಇನ್ನಷ್ಟು ಬಿಗಿಯಾಯಿತು. ಕಿಟಕಿ ಕಿರಿದಾದಷ್ಟೂ ಕಾವಲು ಹೆಚ್ಚು, ಬಳೆಯೂ ಹೆಚ್ಚು.

ಹೀಗಾಗಿ ಇದು ಒಳ್ಳೆಯದೋ ಕೆಟ್ಟದ್ದೋ ಎನ್ನುವ ಪ್ರಶ್ನೆಗೆ, ಯಾರ ಕಣ್ಣು, ಎಷ್ಟು ಹೊತ್ತಿಗೆ ಎಂದು ಮರುಪ್ರಶ್ನೆ ಕೇಳದೆ ಉತ್ತರಿಸಲು ನನಗಾಗುವುದಿಲ್ಲ. ಹತ್ತರ ಮಗು ರಾತ್ರಿ ಒಂಬತ್ತಕ್ಕೆ ಸ್ಕೂಟರ್ ಓಡಿಸುವುದಿಲ್ಲ. ಅವಳ ಕತ್ತಲೆಯ ದೃಷ್ಟಿ ತುಸು ಮಸುಕಾದರೆ ಕಳೆದುಕೊಳ್ಳುವುದು ಕಡಿಮೆ, ಉಳಿಸಿಕೊಳ್ಳುವುದು ಹೆಚ್ಚು. ನಲವತ್ತರ ನನಗೆ ಕಣ್ಣು ಬೆಳೆಯುವ ವಯಸ್ಸು ಮುಗಿದಿದೆ. ನನಗೆ ಸಿಕ್ಕಿದ್ದು ದೋಷ ಮಾತ್ರ, ಮದ್ದಿನ ಭಾಗ ಇಲ್ಲ. ಒಂದೇ ಲೆನ್ಸನ್ನು ಇಬ್ಬರಿಗೂ ಒಂದೇ ಮಾತಿನಲ್ಲಿ, “ಚಷ್ಮಾದಿಂದ ಮುಕ್ತಿ” ಎಂದು ಮಾರುವುದರ ಬಗ್ಗೆ ನನ್ನ ತಕರಾರು.

ಮಗುವಿನ ಲೆಕ್ಕದಲ್ಲಿ ಸೋಂಕಿನ ಭಯ ಬಳೆಗಿಂತ ದೊಡ್ಡದು. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಈ ಲೆನ್ಸು ಹಾಕುವ 10,000 ಮಕ್ಕಳಲ್ಲಿ ವರ್ಷಕ್ಕೆ ಸುಮಾರು 14 ಮಂದಿಗೆ ಕಾರ್ನಿಯಾದ ಸೋಂಕು. ಆರು ವರ್ಷ ಹಾಕಿದರೆ ನೂರಿಪ್ಪತ್ತು ಮಕ್ಕಳಲ್ಲಿ ಒಬ್ಬರಿಗೆ ಎಂದಾಯಿತು. ಎಲ್ಲ ಸೋಂಕೂ ದೃಷ್ಟಿ ಕಳೆಯುವುದಿಲ್ಲ, ಆದರೂ ಸಣ್ಣ ಸಂಖ್ಯೆಯಲ್ಲ. ನಲ್ಲಿ ನೀರಿನಲ್ಲಿರುವ ಅಕಾಂತಮೀಬ ಎಂಬ ಜೀವಿ ಇದರಲ್ಲಿ ಅತಿ ಕ್ರೂರಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಸೊಸೈಟಿಯಲ್ಲಿ ಇರುವವರು ನಾವು. ಕೈ ತೊಳೆದು ಒಣಗಿಸದೆ ಲೆನ್ಸು ಮುಟ್ಟುವಂತಿಲ್ಲ, ಡಬ್ಬಿಗೆ ಒಂದು ಹನಿ ನಲ್ಲಿ ನೀರೂ ತಾಗುವಂತಿಲ್ಲ. ಕಣ್ಣು ಕೆಂಪಾದ ದಿನ ಲೆನ್ಸಿಲ್ಲ, ನೆಗಡಿ ಜ್ವರ ಬಂದ ದಿನವೂ ಇಲ್ಲ. ಧಾರವಾಡಕ್ಕೆ ಹೋಗುವಾಗ ರಾತ್ರಿ ಬಸ್ಸು ಬಿಟ್ಟು ಹಗಲು ಹೊರಡುತ್ತೇವೆ. ಈ ಶಿಸ್ತು ಆಗದ ಮನೆಗೆ ಇದು ಬೇಡವೇ ಬೇಡ. ಅಂಥ ಮನೆಗೆ ಬೇರೆ ದಾರಿಗಳಿವೆ: ಕಡಿಮೆ ಸಾಂದ್ರತೆಯ ಅಟ್ರೋಪಿನ್ ಹನಿ, ಅಂಚಿನಲ್ಲಿ ಸಣ್ಣ ಸಣ್ಣ ಮಸೂರಗಳಿರುವ ಹೊಸ ಬಗೆಯ ಚಷ್ಮಾ ಗಾಜು. ಇನ್ನೂ ನಂಬರು ಬಾರದ ಮಕ್ಕಳಿಗೆ ಬಿಸಿಲು. ಚೀನಾದ ಗುವಾಂಗ್‌ಝೌನಲ್ಲಿ ಶಾಲಾ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚು ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಹೊಸದಾಗಿ ಸಮೀಪದೃಷ್ಟಿ ಬಂದವರು ಶೇ. 39.5ರ ಬದಲು ಶೇ. 30.4. ಇದಕ್ಕೆ ದುಡ್ಡೂ ಬೇಡ ಡಬ್ಬಿಯೂ ಬೇಡ. ಪುಣೆಯ ಟೇಕಡಿಗಳು ಇನ್ನೂ ಉಳಿದಿರುವಾಗಲೇ ಮಕ್ಕಳನ್ನು ಅಲ್ಲಿಗೆ ಅಟ್ಟಬೇಕು.

ಮಗಳಿಗಾಗಿ ಹೋದ ಕ್ಲಿನಿಕ್ಕು ಬೇರೆಯದು. ಮೊದಲ ದಿನವೇ ನಾನು ಜಗಳಗಂಟಿಯ ಹಾಗೆ ಕೂತೆ. ಮಬ್ಬು ಬೆಳಕಿನಲ್ಲಿ ಪಾಪೆ ಅಳೆಯಿರಿ ಎಂದೆ, ಅಳೆದರು. ಮಸುಕು ಅಕ್ಷರದ ಫಲಕ ಇದೆಯೇ ಎಂದೆ. ಆ ಹುಡುಗಿ, ಆಪ್ಟೋಮೆಟ್ರಿ ಓದಿ ಹೊಸದಾಗಿ ಸೇರಿದವಳು, ಒಳಗೆ ಹೋಗಿ ಬೀರುವಿನಿಂದ ಪ್ಲಾಸ್ಟಿಕ್ ಹೊದಿಕೆಯೊಳಗಿದ್ದ ಫಲಕವನ್ನು ತಂದಳು. “ಕಾಲೇಜಿನಲ್ಲಿ ಓದಿದ್ದೆ, ಇಲ್ಲಿ ಯಾರೂ ಕೇಳಿರಲಿಲ್ಲ” ಎಂದು ನಕ್ಕಳು. ಲೆನ್ಸಿಗೆ ಮುಂಚೆ ಒಮ್ಮೆ ಅಳೆದಳು, ಒಂದು ತಿಂಗಳ ನಂತರ ಒಮ್ಮೆ, ಅದೂ ನಾನು ಹಟ ಹಿಡಿದು ಸಂಜೆ ಏಳಕ್ಕೆ ತೆಗೆದುಕೊಂಡ ಅಪಾಯಿಂಟ್‌ಮೆಂಟಿನಲ್ಲಿ. ಮೂರು ಅಕ್ಷರಗಳ ಒಂದು ಗುಂಪಿನಷ್ಟು ಇಳಿದಿತ್ತು. ಅದನ್ನು ಫೈಲಿನಲ್ಲಿ 6/6ರ ಪಕ್ಕದಲ್ಲೇ ಬರೆಸಿದೆ. ಹತ್ತು ನಿಮಿಷದ ಕೆಲಸ. ನಾನು ಕೇಳುತ್ತಿರುವುದು ಇಷ್ಟೇ: ಆ ಹತ್ತು ನಿಮಿಷ ಜಗಳಗಂಟಿ ತಾಯಂದಿರಿಗೆ ಮಾತ್ರವಲ್ಲ, ಈ ಲೆನ್ಸು ಕೊಳ್ಳುವ ಎಲ್ಲರಿಗೂ ಸಿಗಬೇಕು, ಮತ್ತು ವಾಹನ ಓಡಿಸುವ ದೊಡ್ಡವರಿಗೆ ದುಡ್ಡು ತೆಗೆದುಕೊಳ್ಳುವ ಮುಂಚೆಯೇ ಸಿಗಬೇಕು. ಮಗಳಿಗೆ ಹದಿನೆಂಟಾಗಿ ಅವಳು ಲೈಸೆನ್ಸಿಗೆ ಹೋಗುವ ದಿನ ಈ ಮಾತನ್ನು ಮತ್ತೆ ಎತ್ತಬೇಕು ಎಂದು ಗಂಡನಿಗೆ ಹೇಳಿಟ್ಟಿದ್ದೇನೆ. ಅವನಿಗೆ ನೆನಪಿರುವುದಿಲ್ಲ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಈ ಸಲ ಗಣಪತಿಯ ದೀಪಾಲಂಕಾರ ನೋಡಲು ಲಕ್ಷ್ಮೀ ರಸ್ತೆಗೆ ಕರೆದುಕೊಂಡು ಹೋಗಿದ್ದೆ. ಮನೆಗೆ ಬಂದು ಮರುದಿನ ಅವಳು ಚಿತ್ರ ಬಿಡಿಸಿದಳು. ಮಂಟಪ, ಗಣಪತಿ, ಡೋಲು ಬಾರಿಸುವವರು, ಮೇಲೆ ಸಾಲು ಸಾಲು ಬಲ್ಬುಗಳು. ಪ್ರತಿ ಬಲ್ಬಿನ ಸುತ್ತ ಹಳದಿ ಬಣ್ಣದಲ್ಲಿ ಒಂದೊಂದು ಉಂಗುರ. ಸಹನೆಯಿಂದ, ಒಂದನ್ನೂ ಬಿಡದೆ ಬಿಡಿಸಿದ್ದಳು. “ಅಮ್ಮಾ, ನಿನಗೆ ಹೀಗೆ ಕಾಣಲ್ವಾ?” ಎಂದು ಕೇಳಿದಳು. ಈಗ ಕಾಣಲ್ಲ ಎಂದೆ. “ಅಯ್ಯೋ, ಪಾಪ” ಎಂದು ಹಳದಿ ಕಡ್ಡಿಯನ್ನು ಡಬ್ಬಿಗೆ ಹಾಕಿ ಎದ್ದು ಹೋದಳು.